ಆರಕ್ಷರದ ಗುರುತು

ಮನೆಯ ಒಲೆಯ ಮೇಲೆ ಹುಳಿ ಕುದಿಯುತ್ತಿರುವಾಗ ಅದರೊಳಗಿನ ಬೇಳೆ ಯಾವ ಸೀಮೆಯ ಮಣ್ಣಿನಲ್ಲಿ ಬೆಳೆದದ್ದೆಂದು ವಿಚಾರಿಸುವವರು ವಿರಳ. ಬೇಳೆ ಬೇಗ ಬೆಂದಿತೇ, ಬೆಂದ ಮೇಲೆ ನುಣ್ಣಗೆ ಕರಗಿತೇ, ಕಳೆದ ತಿಂಗಳಿಗಿಂತ ಬೆಲೆ ಎಷ್ಟು ಏರಿತು ಎಂಬಲ್ಲಿಗೆ ಅಡಿಗೆಮನೆಯ ಜಿಜ್ಞಾಸೆ ಮುಗಿಯುತ್ತದೆ. ಆದರೂ ‘ಇದು ಗುಲ್ಬರ್ಗದ ಬೇಳೆ’ ಎಂದು ವರ್ತಕನು ಹೇಳಿದೊಡನೆ ಮತ್ತೊಂದು ಕಿಲೋ ಹೆಚ್ಚಾಗಿ ಕಟ್ಟಿಸಿಕೊಳ್ಳುವ ಗಿರಾಕಿಗಳು ಇಂದಿಗೂ ಉಂಟು. ಆ ಹೆಸರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿನೆಲವೇ ಈ ಬೇಳೆಯ ತವರು. ವಾಡಿ ಮತ್ತು ಶಹಾಬಾದಿನ ಸುತ್ತ ಸುಣ್ಣಕಲ್ಲಿನ ಗಣಿಗಳ ಮಗ್ಗುಲಲ್ಲಿಯೇ ತೊಗರಿಯ ಹೊಲಗಳು ಹಬ್ಬಿಕೊಂಡಿವೆ. ಮುಂಗಾರಿಗೆ ಬಿತ್ತಿದ ತೊಗರಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಳದಿ ಹೂ ಮುಡಿದು ನಿಂತಾಗ ರೈಲಿನ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೂ ಕಣ್ಣು ತಂಪಾಗುತ್ತದೆ. ಆದರೆ ಹೊಲದೊಡೆಯನ ಎದೆ ಹೊಡೆದುಕೊಳ್ಳುವುದೂ ಆ ದಿನಗಳಲ್ಲಿಯೇ. ಭೂಮಿಯಲ್ಲಿ ಇನ್ನೂ ತೇವವಿರುವಾಗಲೇ ಒಂದು ಗಿಡ ಬಾಡುತ್ತದೆ. ಎರಡು ದಿನ ಕಳೆದರೆ ಅದರ ನೆರೆಯ ಗಿಡ. ವಾರ ಕಳೆಯುವಷ್ಟರಲ್ಲಿ ಸಾಲಿಗೆ ಸಾಲೇ ಎಲೆ ಜೋಲಿಸಿ ನಿಲ್ಲುತ್ತದೆ. ನೀರು ಸಾಲದೆ ಬಾಡಿತೆಂದು ನೋಡುವವರಿಗೆ ಅನ್ನಿಸಬಹುದು. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು, ಬುಡದಿಂದ ಮೇಲಕ್ಕೆ ನೇರಿಳೆ ಬಣ್ಣದ ಪಟ್ಟಿ. ನೀರು ಮೇಲೇರುವ ನಾಳಗಳನ್ನೇ ಒಂದು ಶಿಲೀಂಧ್ರವು ಮುಚ್ಚಿಬಿಟ್ಟಿರುತ್ತದೆ. ರೈತರು ಇದನ್ನು ನೆಟೆರೋಗ ಎನ್ನುತ್ತಾರೆ. ಶಿಲೀಂಧ್ರಕ್ಕೆ ಫ್ಯುಸೇರಿಯಂ ಉಡಂ ಎಂದು ವಿಜ್ಞಾನದ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇ. ಜೆ. ಬಟ್ಲರ್ ಎಂಬ ಸಸ್ಯರೋಗ ತಜ್ಞರು ಅದನ್ನು ಗುರುತಿಸಿದ್ದರು. ಬೆಳೆ ಕೊಯ್ದ ಮೇಲೂ ಅದು ಕೂಳೆಯಲ್ಲಿ ಎರಡು ಮೂರು ವರ್ಷ ಹೊಂಚುಹಾಕಿ ಬದುಕಿರಬಲ್ಲದು. 2022ರ ಮುಂಗಾರಿನಲ್ಲಿ ಬಿತ್ತಿದ ಬೆಳೆಯಂತೂ ಕಲಬುರಗಿ ಸೀಮೆಯಲ್ಲಿ ನೆಟೆರೋಗಕ್ಕೆ ಸಿಕ್ಕಿ ಒಣಗಿ, ಸರ್ಕಾರವು ಮರುವರ್ಷ ವಿಶೇಷ ಪರಿಹಾರವನ್ನೇ ಘೋಷಿಸಬೇಕಾಯಿತು.

ಆದರೆ ಅದೇ ಹೊಲದಲ್ಲಿ, ಒಣಗಿ ನಿಂತ ಸಾಲಿನ ನಡುವೆ, ಎಲ್ಲೋ ಒಂದು ಗಿಡ ಏನೂ ಆಗದಂತೆ ಹಸುರಾಗಿ ನಿಂತಿರುವುದುಂಟು. ಅದೇ ಮಣ್ಣು, ಅದೇ ಮಳೆ, ಅದೇ ಶಿಲೀಂಧ್ರ. ಹಾಗಾದರೆ ಆ ಗಿಡದಲ್ಲಿ ಇರುವುದೇನು? ಹಿಂದಿನವರು ಅಂಥ ಗಿಡದ ಬೀಜವನ್ನು ಕಟ್ಟಿಟ್ಟು ಬಿತ್ತಿ ನೋಡುತ್ತಿದ್ದರು. ಸಂಶೋಧನಾ ಕೇಂದ್ರಗಳಲ್ಲಿ ಇದಕ್ಕಾಗಿಯೇ ರೋಗದ ತಾಕುಗಳನ್ನು ಸಾಕಿಕೊಂಡು ಬಂದಿದ್ದಾರೆ; ಬೇಕೆಂದೇ ಮಣ್ಣಿನಲ್ಲಿ ರೋಗವನ್ನು ತುಂಬಿ, ಅದರಲ್ಲಿ ಸಾಲು ಸಾಲಾಗಿ ತಳಿಗಳನ್ನು ಬಿತ್ತಿ, ಸತ್ತದ್ದೆಷ್ಟು ಉಳಿದದ್ದೆಷ್ಟು ಎಂದು ಎಣಿಸುವುದು. ಕರ್ನಾಟಕದ ರೈತರು ಎಂಬತ್ತರ ದಶಕದಿಂದ ಬಿತ್ತಿದ ‘ಮಾರುತಿ’ ತಳಿ ಇಂಥ ಅಗ್ನಿಪರೀಕ್ಷೆಯಲ್ಲಿ ಗೆದ್ದು ಬಂದದ್ದೇ. ಕ್ರಮವೇನೋ ಒಳ್ಳೆಯದು, ಆದರೆ ಒಂದೊಂದು ಪರೀಕ್ಷೆಗೂ ಒಂದೊಂದು ವರ್ಷ ಬೇಕು. ಗಿಡದ ಒಳಗೇ ಬರೆದಿಟ್ಟ ಬರಹವನ್ನು ನೇರವಾಗಿ ಓದುವುದಾದರೆ? ಆ ಓದಿಗೆ ಬೇಕಾದ ಒಂದು ವಿಚಿತ್ರ ಸಾಧನದ ಕಥೆಯೇ ಈ ವಾರದ ವಿಷಯ.

ಸಾಧನವೆಂದರೆ ಒಂದು ಕತ್ತರಿ. ಉಕ್ಕಿನದಲ್ಲ, ಕಣ್ಣಿಗೆ ಕಾಣುವಂಥದೂ ಅಲ್ಲ. ಅದರ ಕೆಲಸವನ್ನು ತಿಳಿಯಲು ವಾಡಿ ಜಂಕ್ಷನ್ನಿಗಿಂತ ಒಳ್ಳೆಯ ಪಾಠಶಾಲೆ ಸಿಕ್ಕದು. 1874ರಲ್ಲಿ ನಿಜಾಮರ ಸೀಮೆಯ ರೈಲುದಾರಿ ಇಲ್ಲಿ ಮುಂಬಯಿ-ಮದರಾಸು ದಾರಿಯನ್ನು ಬಂದು ಕೂಡಿತು. ಅಂದಿನಿಂದಲೂ ಸರಕಿನ ಬಂಡಿಗಳು ಇಲ್ಲಿ ನಿಲ್ಲುತ್ತವೆ, ಬಿಚ್ಚಿಕೊಳ್ಳುತ್ತವೆ, ಕೂಡಿಕೊಳ್ಳುತ್ತವೆ. ನಾಲ್ಕೇ ನಾಲ್ಕು ಬಗೆಯ ಡಬ್ಬಿಗಳಿಂದ ಜೋಡಿಸಿದ ಒಂದು ಮಹಾ ಉದ್ದನೆಯ ಗಾಡಿಯನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಡಬ್ಬಿಗಳ ಮೇಲೆ ಎ, ಟಿ, ಜಿ, ಸಿ ಎಂದು ಗುರುತು. ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಎಳೆ ಇಂಥದೊಂದು ಗಾಡಿ. ತೊಗರಿಯ ಜೀವಕೋಶದಲ್ಲಿ ಹನ್ನೊಂದು ಜೊತೆ ವರ್ಣತಂತುಗಳು. ಒಂದು ಪ್ರತಿಯ ಅಕ್ಷರಗಳನ್ನೆಲ್ಲ ಎಣಿಸಿದರೆ ಸುಮಾರು 83 ಕೋಟಿ. ಈಗ ಒಬ್ಬ ನೌಕರನು ಈ ಗಾಡಿಯ ಮಗ್ಗುಲಲ್ಲಿ ನಡೆಯುತ್ತ ಬರುತ್ತಾನೆನ್ನೋಣ. ಅವನಿಗೆ ಸಿಕ್ಕಿರುವ ಅಪ್ಪಣೆ ಒಂದೇ: ಜಿ, ಎ, ಎ, ಟಿ, ಟಿ, ಸಿ ಎಂಬ ಆರು ಡಬ್ಬಿಗಳು ಇದೇ ಕ್ರಮದಲ್ಲಿ ಬಂದಲ್ಲಿ ಮಾತ್ರ ಕೊಂಡಿ ಬಿಚ್ಚತಕ್ಕದ್ದು, ಒಂದು ಡಬ್ಬಿ ಹೆಚ್ಚುಕಡಮೆಯಾದರೂ ಕೈ ಇಡಕೂಡದು. ಕತ್ತಲಲ್ಲಿ, ದೀಪವಿಲ್ಲದೆ, ಕೋಟಿಗಟ್ಟಲೆ ಡಬ್ಬಿಗಳನ್ನು ತಡವುತ್ತ ಹೋಗುವ ಆ ನೌಕರನು ತಪ್ಪು ಮಾಡುವುದು ಅತಿ ವಿರಳ. ಅವನನ್ನು ವಿಜ್ಞಾನಿಗಳು ನಿರ್ಬಂಧಕ ಕಿಣ್ವ ಎನ್ನುತ್ತಾರೆ. ಕಿಣ್ವವೆಂದರೆ ಜೀವಿಗಳ ಮೈಯೊಳಗೆ ಕೆಲಸ ನಡೆಸುವ ಪ್ರೋಟೀನು. ನಮ್ಮ ಬಾಯಿಯಲ್ಲಿ ಅನ್ನವನ್ನು ಸಿಹಿಯಾಗಿಸುವುದೂ ಒಂದು ಕಿಣ್ವವೇ.

‘ನಿರ್ಬಂಧ’ ಎಂಬ ಬಿಗಿಯಾದ ಹೆಸರು ಬಂದದ್ದು ಹೀಗೆ. ಬ್ಯಾಕ್ಟೀರಿಯಗಳಿಗೂ ಕಾಯಿಲೆ ಉಂಟು. ಫೇಜ್ ಎಂಬ ವೈರಸ್‌ಗಳು ಅವುಗಳ ಮೇಲೆ ಬಿದ್ದು ತಮ್ಮ ಡಿ.ಎನ್.ಎ.ಯನ್ನು ಒಳಗೆ ಚುಚ್ಚಿಬಿಡುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯದಲ್ಲಿ ಸೊಂಪಾಗಿ ಬೆಳೆದ ಫೇಜ್ ಇನ್ನೊಂದು ಬಗೆಯದರೊಳಗೆ ಹೊಕ್ಕರೆ ಬಹುಮಟ್ಟಿಗೆ ಸತ್ತುಹೋಗುತ್ತದೆಂಬುದನ್ನು 1952-53ರಲ್ಲಿಯೇ ಲೂರಿಯಾ, ಬರ್ಟಾನಿ ಮೊದಲಾದವರು ಗಮನಿಸಿದ್ದರು. ಅದರ ಬೆಳವಣಿಗೆಗೆ ಅಲ್ಲೇನೋ ನಿರ್ಬಂಧ ಬಿದ್ದಿದೆ ಎಂದರು. ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್ 1962ರಲ್ಲಿ ತಮ್ಮ ಸಂಗಾತಿ ಡೇಸಿ ಡುಸೋ ಅವರೊಡನೆ, ಹೊಕ್ಕ ಪರಕೀಯ ಡಿ.ಎನ್.ಎ.ಯನ್ನು ಆತಿಥೇಯ ಬ್ಯಾಕ್ಟೀರಿಯವು ಕಡಿದು ಹಾಕುತ್ತದೆಂದು ತೋರಿಸಿದರು. ಆದರೆ ಆರ್ಬರ್ ಕಂಡ ಕಿಣ್ವಗಳು ಗುರುತನ್ನು ಒಂದೆಡೆ ಓದಿ, ಕೊಯ್ಯುವುದನ್ನು ದೂರದಲ್ಲಿ ಮತ್ತೆಲ್ಲೋ ಮಾಡುತ್ತಿದ್ದವು. ಓದಿದಲ್ಲಿಯೇ ಕೊಯ್ಯುವ ಕಿಣ್ವ ಸಿಕ್ಕಿದ್ದು ಅಮೆರಿಕದ ಬಾಲ್ಟಿಮೋರಿನಲ್ಲಿ, ಅದೂ ಮತ್ತೇನನ್ನೋ ಹುಡುಕುವಾಗ.

ಹ್ಯಾಮಿಲ್ಟನ್ ಸ್ಮಿತ್ ಮತ್ತು ಅವರ ವಿದ್ಯಾರ್ಥಿ ಕೆಂಟ್ ವಿಲ್ಕಾಕ್ಸ್ ಹೀಮೋಫಿಲಸ್ ಎಂಬ ಬ್ಯಾಕ್ಟೀರಿಯವು ಹೊರಗಿನ ಡಿ.ಎನ್.ಎ.ಯನ್ನು ಹೇಗೆ ಹೀರಿಕೊಳ್ಳುತ್ತದೆಂದು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಕ್ಕೆ ಅದರದೇ ಜಾತಿಯ ಡಿ.ಎನ್.ಎ. ಉಣ್ಣಿಸಿದರೆ ಅದು ಇಡಿಯಾಗಿ ಮರಳಿ ಸಿಕ್ಕುತ್ತಿತ್ತು. ಫೇಜ್‌ನದನ್ನು ಉಣ್ಣಿಸಿದರೆ ಸಿಕ್ಕುತ್ತಿರಲಿಲ್ಲ. ಎಲ್ಲಿ ಹೋಯಿತು? ಅವರು ಹೂಡಿದ ಉಪಾಯ ನಮ್ಮ ಅಡಿಗೆಮನೆಗೂ ಅರ್ಥವಾಗುವಂಥದು. ಉದ್ದನೆಯ ಡಿ.ಎನ್.ಎ. ಎಳೆಗಳಿರುವ ದ್ರಾವಣ ಬೆಂಡೆಕಾಯಿಯ ಲೋಳೆಯಂತೆ ಜಿಗಟು. ಎಳೆಗಳು ತುಂಡಾದರೆ ಜಿಗಟು ಇಳಿದು ತೆಳ್ಳಗಾಗುತ್ತದೆ. ಬ್ಯಾಕ್ಟೀರಿಯದ ಸಾರವನ್ನು ಎರಡು ಬಗೆಯ ಡಿ.ಎನ್.ಎ.ಗಳಿಗೂ ಬೆರೆಸಿ ಜಿಗಟನ್ನು ಅಳೆದರು. ಫೇಜ್‌ನ ದ್ರಾವಣ ನೋಡನೋಡುತ್ತಿದ್ದಂತೆ ತೆಳುವಾಯಿತು. ಬ್ಯಾಕ್ಟೀರಿಯದ ಸ್ವಂತ ಡಿ.ಎನ್.ಎ. ಇದ್ದ ದ್ರಾವಣ ಇದ್ದಂತೆಯೇ ಇತ್ತು! ತನ್ನದು ಯಾವುದು, ಪರರದು ಯಾವುದು ಎಂಬ ವಿವೇಕ ಆ ಸಾರದಲ್ಲಿತ್ತು. 1970ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮರುವರ್ಷವೇ ಅವರ ಸಹೋದ್ಯೋಗಿ ಡೇನಿಯಲ್ ನೇಥನ್ಸ್, ಕ್ಯಾಥ್ಲೀನ್ ಡಾನಾ ಅವರೊಡನೆ ಇದೇ ಕತ್ತರಿಯಿಂದ ಒಂದು ಪುಟ್ಟ ವೈರಸ್‌ನ ಡಿ.ಎನ್.ಎ.ಯನ್ನು ಕತ್ತರಿಸಿದಾಗ ಸರಿಯಾಗಿ 11 ತುಂಡುಗಳಾದವು. ಎಷ್ಟು ಸಲ ಮಾಡಿದರೂ ಅವೇ ಹನ್ನೊಂದು. ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ 1978ರ ನೊಬೆಲ್ ಬಹುಮಾನ ದೊರೆಯಿತು. ಆ ಸಮಯದಲ್ಲಿ ಆರ್ಬರ್ ಅವರ ಪುಟ್ಟ ಮಗಳು ಸಿಲ್ವಿಯಾ ಈ ಶೋಧವನ್ನು ಒಂದು ರಾಜನ ಕಥೆಯಾಗಿ ಹೆಣೆದಳು: ಬ್ಯಾಕ್ಟೀರಿಯದೊಳಗೆ ಉದ್ದನೆಯ ತೆಳ್ಳನೆಯ ರಾಜ, ಅವನಿಗೆ ಗುಂಡನೆಯ ಸೇವಕರು; ಅವರಲ್ಲೊಬ್ಬ ಕತ್ತರಿ ಹಿಡಿದು ನಿಂತು, ದಾಳಿಯಿಟ್ಟ ಪರರಾಜನನ್ನು ತುಂಡರಿಸುತ್ತಾನೆ, ತನ್ನ ಒಡೆಯನನ್ನು ಮುಟ್ಟುವುದಿಲ್ಲ. ಹಿರಿಯರು ಬರೆದ ಎಷ್ಟೋ ವಿವರಣೆಗಳಿಗಿಂತ ಆ ಬಾಲಕಿಯ ಕಥೆಯೇ ಹೆಚ್ಚು ಸ್ಪಷ್ಟವಾಗಿದೆ.

ಅನಂತರ ಬಗೆಬಗೆಯ ಬ್ಯಾಕ್ಟೀರಿಯಗಳಿಂದ ಇಂಥ ಸಾವಿರಾರು ಕಿಣ್ವಗಳನ್ನು ಹೊರತೆಗೆದಿದ್ದಾರೆ. ಇಕೋ-ಆರ್-1, ಹಿಂಡ್-3, ಬ್ಯಾಮ್-ಎಚ್-1 ಎಂದು ಅವುಗಳಿಗೆ ಹೆಸರು. ತಾಯಿ ಬ್ಯಾಕ್ಟೀರಿಯದ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದ್ದಾರೆ. ಹೆಸರಿಟ್ಟವರಿಗೆ ಕಾವ್ಯದಲ್ಲಿ ಅಷ್ಟಾಗಿ ಅಭಿರುಚಿ ಇದ್ದಂತಿಲ್ಲ.

ಆದರೆ ಕಾವ್ಯ ಬೇರೊಂದು ಕಡೆ ಅಡಗಿದೆ. ಚಿತ್ತಾಪುರಕ್ಕೂ ಸೇಡಮ್ಮಿಗೂ ನಡುವೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿತು. ಆ ಗ್ರಂಥಕ್ಕೆ ಬಹುಮಟ್ಟಿಗೆ ಆಧಾರವಾದ ದಂಡಿಯ ‘ಕಾವ್ಯಾದರ್ಶ’ದಲ್ಲಿ ಹಿಂದುಮುಂದಾಗಿ ಓದಿದರೂ ಕೂಡಿಬರುವ ಅಕ್ಷರಚಮತ್ಕಾರಗಳ ಪ್ರಸ್ತಾಪವಿದೆ. ಮಕ್ಕಳು ಇಂದಿಗೂ ‘ವಿಕಟಕವಿ’, ‘ಗದಗ’, ‘ಕಿಟಕಿ’ ಎಂದು ಆಡಿಕೊಳ್ಳುವ ಆಟ ಅದರದೇ ಸಂತತಿ. ಕತ್ತರಿಯು ಹುಡುಕುವ ಆರಕ್ಷರವೂ ಇದೇ ಜಾತಿಯದು, ಆದರೆ ಒಂದು ಸೂಕ್ಷ್ಮವಿದೆ. ಡಿ.ಎನ್.ಎ. ಒಂಟಿ ಎಳೆಯಲ್ಲ, ಏಣಿಯಂತೆ ಜೋಡಿ ಎಳೆ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿಗೆ ಟಿ. ಜಿ ಇದ್ದರೆ ಎದುರಿಗೆ ಸಿ. ಆದುದರಿಂದ ಮೇಲಿನ ಎಳೆಯಲ್ಲಿ ‘ಜಿ-ಎ-ಎ-ಟಿ-ಟಿ-ಸಿ’ ಎಂದಿದ್ದರೆ ಕೆಳಗಿನದರಲ್ಲಿ ‘ಸಿ-ಟಿ-ಟಿ-ಎ-ಎ-ಜಿ’. ಕೆಳಗಿನ ಎಳೆಯ ದಿಕ್ಕು ಎದುರಾದುದರಿಂದ ಅದನ್ನು ಬಲದಿಂದ ಎಡಕ್ಕೆ ಓದಬೇಕು. ಓದಿ ನೋಡಿರಿ: ಮತ್ತೆ ‘ಜಿ-ಎ-ಎ-ಟಿ-ಟಿ-ಸಿ’! ಮೇಲಿನ ಎಳೆಯ ಮಾತನ್ನೇ ಕೆಳಗಿನ ಎಳೆ ಎದುರು ದಿಕ್ಕಿನಲ್ಲಿ ನುಡಿಯುತ್ತಿದೆ.

ಈ ಜೋಡಿಗೆ ತಕ್ಕಂತೆ ಕತ್ತರಿಯೂ ಜೋಡಿಯೇ. ಇಕೋ-ಆರ್-1 ಕಿಣ್ವವು ಒಂದೇ ಅಚ್ಚಿನ ಎರಡು ಪ್ರೋಟೀನುಗಳು ಬೆನ್ನಿಗೆ ಬೆನ್ನು ಕೂಡಿ ಆದದ್ದು. ಒಂದು ಅರ್ಧ ಮೇಲಿನ ಎಳೆಯನ್ನು, ಇನ್ನೊಂದು ಅರ್ಧ ಕೆಳಗಿನದನ್ನು ಹಿಡಿದು, ಎರಡೂ ಒಂದೇ ಬರಹವನ್ನು ಓದುತ್ತವೆ. ಇಬ್ಬರು ಸಾಕ್ಷಿಗಳ ಹೇಳಿಕೆ ಒಂದೇ ಆದಾಗ ಮಾತ್ರ ತೀರ್ಪು. ಎರಡೂ ಕಡೆ ಜಿ ಅಕ್ಷರದ ಬೆನ್ನಿಗೇ ಕೊಯ್ಯುವುದರಿಂದ ತುಂಡಿನ ತುದಿ ನೆಟ್ಟಗಿರದೆ, ಬಡಗಿ ಚೌಕಟ್ಟಿಗೆ ತೆಗೆದ ಕಚ್ಚಿನಂತೆ ಮೆಟ್ಟಿಲಾಗಿ, ನಾಲ್ಕು ಅಕ್ಷರಗಳಷ್ಟು ಹೊರಚಾಚಿರುತ್ತದೆ. ಅಂಥದೇ ಕಚ್ಚುಳ್ಳ ಬೇರೆ ತುಂಡು ಬಂದರೆ ತಟ್ಟನೆ ಕೂಡಿಕೊಳ್ಳುತ್ತದೆ. ಇಕೋ-ಆರ್-5 ಎಂಬ ಇನ್ನೊಂದು ಕಿಣ್ವ ಮಾತ್ರ ಶಹಾಬಾದಿನ ಕಲ್ಲುಕುಟಿಗನು ಚಪ್ಪಡಿಯ ಅಂಚನ್ನು ಒಂದೇ ಗೆರೆಗೆ ಒಡೆದಂತೆ ನಟ್ಟನಡುವೆ ನೆಟ್ಟಗೆ ಕತ್ತರಿಸುತ್ತದೆ.

ಇನ್ನು ಓದುವ ಬಗೆ. ಪುಸ್ತಕ ಓದಬೇಕಾದರೆ ತೆರೆಯಬೇಕು. ಏಣಿಯ ಮೆಟ್ಟಿಲುಗಳ ಮೇಲೆ ಬರೆದದ್ದನ್ನು ಓದಲು ಏಣಿಯನ್ನೇ ಸೀಳಬೇಡವೇ? ಬೇಕಿಲ್ಲ. ತಿರುಚಿದ ಏಣಿಯ ಮಗ್ಗುಲಲ್ಲಿ ಒಂದು ಅಗಲವಾದ ತೋಡು ಇದ್ದು, ಪ್ರತಿ ಮೆಟ್ಟಿಲಿನ ಅಂಚೂ ಆ ತೋಡಿಗೆ ಚಾಚಿಕೊಂಡಿರುತ್ತದೆ. ಎ-ಟಿ ಮೆಟ್ಟಿಲಿನ ಅಂಚು ಒಂದು ತರಹ, ಟಿ-ಎ ಇನ್ನೊಂದು ತರಹ, ಜಿ-ಸಿ, ಸಿ-ಜಿ ಬೇರೆ ಬೇರೆ. ಕುರುಡರು ಬ್ರೈಲ್ ಲಿಪಿಯ ಮೇಲೆ ಬೆರಳಾಡಿಸಿದಂತೆ ಕಿಣ್ವವು ತನ್ನ ಬೆರಳುಗಳನ್ನು ಈ ತೋಡಿಗೆ ಇಳಿಸಿ ಅಂಚುಗಳನ್ನು ಮುಟ್ಟಿ ನೋಡುತ್ತದೆ. ಪ್ರತಿ ಸ್ಪರ್ಶವೂ ಜಲಜನಕದ ಒಂದು ಎಳೆಬಂಧ. ಆರಕ್ಷರದ ಗುರುತಿಗೆ ಹನ್ನೆರಡಕ್ಕೆ ಕಡಮೆಯಿಲ್ಲದಷ್ಟು ಇಂಥ ಬಂಧಗಳು ಕೂಡಿಬರಬೇಕು. ಒಂದೊಂದೂ ಬಲಹೀನ, ಕೂಡಿದರೆ ಬಿಗಿ ಹಿಡಿತ. 1986ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಜಾನ್ ರೋಸೆನ್‌ಬರ್ಗ್ ಮತ್ತು ಅವರ ಜೊತೆಗಾರರು ಕ್ಷಕಿರಣಗಳ ನೆರವಿನಿಂದ ಇಕೋ-ಆರ್-1 ಡಿ.ಎನ್.ಎ.ಯನ್ನು ಅಪ್ಪಿ ಕುಳಿತ ಚಿತ್ರವನ್ನೇ ಪಡೆದರು.

ಕಿಣ್ವವು ಮೊದಲೇ ಸರಿಯಾದ ತಾಣಕ್ಕೆ ಹಾರಿ ಬರುವುದಿಲ್ಲ. ಎಲ್ಲೋ ಒಂದೆಡೆ ಎಳೆಗೆ ತಗಲಿಕೊಂಡು, ಸಡಿಲ ಮುಷ್ಟಿಯಲ್ಲಿ ಹಗ್ಗ ಹಿಡಿದವನಂತೆ ಸರಿಯುತ್ತ ಹೋಗುತ್ತದೆ. ಆಗಾಗ ಜಿಗಿಯುವುದೂ ಉಂಟು. ಆ ಹೊತ್ತಿನಲ್ಲಿ ಅದಕ್ಕೂ ಎಳೆಗೂ ನಡುವೆ ನೀರಿನ ತೆಳು ಪದರ ಇದ್ದೇ ಇರುತ್ತದೆ. ಸರಿಯಾದ ಆರಕ್ಷರ ಬೆರಳಿಗೆ ಸಿಕ್ಕೊಡನೆ ನೀರು ಹೊರಕ್ಕೆ ಸರಿದು, ಮುಷ್ಟಿ ಬಿಗಿಯಾಗಿ, ಎಳೆ ಬಾಗುತ್ತದೆ. ಇಕೋ-ಆರ್-5ರ ಹಿಡಿತದಲ್ಲಂತೂ ಡಿ.ಎನ್.ಎ. ಸುಮಾರು 50 ಡಿಗ್ರಿಯಷ್ಟು ಮುರಿದಂತೆ ಬಗ್ಗುತ್ತದೆ. ಹಾಗೆ ಬಗ್ಗಿದಾಗ ಮಾತ್ರ ಮೆಗ್ನೀಷಿಯಮ್ಮಿನ ಅಯಾನು ತನ್ನ ಸ್ಥಾನದಲ್ಲಿ ಬಂದು ಕೂರಲು ಸಾಧ್ಯ. ಅದರ ಬಲದಿಂದ ನೀರಿನ ಒಂದು ಕಣವು ಎಳೆಯ ಕೊಂಡಿಯನ್ನು ಒಡೆಯುತ್ತದೆ. ಅಂದರೆ ಬೀಗಕ್ಕೆ ಎರಡು ಹಂತ: ಹಿಡಿಯುವುದು ಒಂದು, ಕೊಯ್ಯುವುದು ಮತ್ತೊಂದು. ಐದಕ್ಷರ ಸರಿಯಾಗಿದ್ದು ಆರನೆಯದು ತಪ್ಪಾಗಿದ್ದರೆ ಕಿಣ್ವವು ಅಲ್ಲಿ ಕ್ಷಣ ನಿಂತರೂ ನಿಂತೀತು. ಆದರೆ ಮುಷ್ಟಿ ಪೂರ್ತಿ ಬಿಗಿಯದು, ಎಳೆ ಬಾಗದು, ಲೋಹ ನೆಲೆಗೊಳ್ಳದು. ಸರಿಯಾದ ತಾಣದಲ್ಲಿ ಇಕೋ-ಆರ್-5 ಕತ್ತರಿಸುವ ವೇಗಕ್ಕೆ ಹೋಲಿಸಿದರೆ ಒಂದಕ್ಷರ ತಪ್ಪಿದ ತಾಣದಲ್ಲಿ ಅದರ ವೇಗ ಹತ್ತು ಲಕ್ಷದಲ್ಲೊಂದು ಪಾಲೂ ಇರದು. ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ಮೂರು ಅಂಕ ಬಂದರೂ ಈ ಶಾಲೆಯಲ್ಲಿ ಪೂರಾ ನಪಾಸು!

ಈ ಹಟವೇ ವೈದ್ಯರಿಗೆ ಉಪಕಾರವಾಯಿತು. ಕರ್ನಾಟಕದ ಕೆಲವು ಗಿರಿಜನ ಸಮುದಾಯಗಳಲ್ಲಿಯೂ ಕಂಡುಬರುವ ಕುಡಗೋಲು ಕಣ ರೋಗದಲ್ಲಿ ರಕ್ತದ ಪ್ರೋಟೀನಿನ ಬರಹದಲ್ಲಿ ಒಂದೇ ಒಂದು ಎ ಇದ್ದೆಡೆ ಟಿ ಬಂದಿರುತ್ತದೆ. ಆ ಎ ಅಕ್ಷರವು ಎಂ-ಎಸ್-ಟಿ-2 ಎಂಬ ಕಿಣ್ವದ ಗುರುತಿನ ಒಳಗೇ ಬೀಳುತ್ತದೆಂಬುದು ದೈವಯೋಗ. ಆರೋಗ್ಯವಂತರ ಡಿ.ಎನ್.ಎ.ಯನ್ನು ಅದು ಅಲ್ಲಿ ಕತ್ತರಿಸುತ್ತದೆ, ರೋಗದ ಬರಹವನ್ನು ಕತ್ತರಿಸದೆ ಬಿಡುತ್ತದೆ. ಸುಮಾರು 1,150 ಅಕ್ಷರಗಳ ತುಂಡು ಸಿಕ್ಕಬೇಕಾದಲ್ಲಿ 1,350ರ ತುಂಡು ಸಿಕ್ಕಿದರೆ ಅಲ್ಲಿ ರೋಗದ ಅಕ್ಷರವಿದೆ ಎಂದಾಯಿತು. ಎರಡೂ ಸಿಕ್ಕಿದರೆ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದಿದೆ ಎಂದು ಅರ್ಥ. 1982ರಲ್ಲಿ, ಹುಟ್ಟುವ ಮೊದಲೇ ಮಗುವಿನ ಸ್ಥಿತಿ ತಿಳಿಯಲು ಈ ಉಪಾಯ ಬಳಕೆಗೆ ಬಂದಿತು. ಇಂದು ಬೇರೆ ಕ್ರಮಗಳೂ ಇವೆ.

ಆದರೆ ಆ ಆರಕ್ಷರವು ಬ್ಯಾಕ್ಟೀರಿಯದ ಸ್ವಂತ ಡಿ.ಎನ್.ಎ.ಯಲ್ಲಿಯೂ ನೂರಾರು ಕಡೆ ಬಂದೇ ಬರುತ್ತದಲ್ಲ, ತನ್ನ ಮನೆಯನ್ನೇ ಅದು ಏಕೆ ಕಡಿದುಕೊಳ್ಳುವುದಿಲ್ಲ? ಪ್ರತಿ ಕತ್ತರಿಯ ಜೊತೆಗೂ ಬ್ಯಾಕ್ಟೀರಿಯದಲ್ಲಿ ಇನ್ನೊಂದು ಕಿಣ್ವವಿದೆ. ಅದು ಅದೇ ಆರಕ್ಷರವನ್ನು ಹುಡುಕಿ, ಅದರಲ್ಲಿಯ ಒಂದು ಎ ಅಕ್ಷರದ ಮೇಲೆ ಮೀಥೈಲ್ ಎಂಬ ಪುಟ್ಟ ಬೊಟ್ಟನ್ನು ಇಡುತ್ತದೆ. ಬೊಟ್ಟಿಟ್ಟ ಅಕ್ಷರಕ್ಕೆ ಕತ್ತರಿಯ ಬೆರಳು ಹೊಂದುವುದಿಲ್ಲ. ಜೀವಕೋಶ ಎರಡಾಗುವಾಗ ಹೊಸ ಎಳೆಯ ಮೇಲೆ ಬೊಟ್ಟು ಇನ್ನೂ ಬಿದ್ದಿರುವುದಿಲ್ಲ. ಹಳೆಯ ಎಳೆಯ ಬೊಟ್ಟೊಂದೇ ಸಾಕು, ಕತ್ತರಿ ಸುಮ್ಮನಿರುತ್ತದೆ. ಹೊರಗಿನಿಂದ ನುಗ್ಗಿದ ಫೇಜ್‌ಗೆ ಎರಡು ಕಡೆಯೂ ಬೊಟ್ಟಿಲ್ಲ.

ಇಷ್ಟು ಶಿಸ್ತಿನ ನೌಕರನೂ ಕೆಡುವುದುಂಟು. ಮೆಗ್ನೀಷಿಯಂ ಬದಲಿಗೆ ಮ್ಯಾಂಗನೀಸ್ ಕೊಟ್ಟರೆ, ಉಪ್ಪು ಕಡಮೆಯಾದರೆ, ಕಿಣ್ವವನ್ನು ಅತಿಯಾಗಿ ಸುರಿದರೆ, ಗ್ಲಿಸರಿನ್ ಹೆಚ್ಚಾದರೆ ಅದು ಅಕ್ಷರದೋಷವನ್ನು ಕ್ಷಮಿಸತೊಡಗಿ ಕಂಡಲ್ಲಿ ಕೊಯ್ಯುತ್ತದೆ. ಕಿಣ್ವವನ್ನು ಹೆಪ್ಪುಗಟ್ಟದಂತೆ ಶೈತ್ಯದಲ್ಲಿ ಕಾಪಿಡುವುದೇ ಗ್ಲಿಸರಿನ್ನಿನಲ್ಲಿ. ಆದಕಾರಣ ಮಿಶ್ರಣದಲ್ಲಿ ಅದು ನೂರಕ್ಕೆ ಐದು ಪಾಲನ್ನು ಮೀರದಂತೆ ಪ್ರಯೋಗಶಾಲೆಯವರು ಎಚ್ಚರವಹಿಸುತ್ತಾರೆ. ಉಪ್ಪು ಹದ ತಪ್ಪಿದರೆ ಕೆಡುವುದು ಸಾರು ಒಂದೇ ಅಲ್ಲವೆಂದಾಯಿತು.

ಈಗ ಮತ್ತೆ ರೈಲು ಹತ್ತಬೇಕು. ವಾಡಿಯಿಂದ ಹೊರಟ ಗಾಡಿ ಚಿತ್ತಾಪುರ, ಮಳಖೇಡ, ಸೇಡಂ ನಿಲ್ದಾಣಗಳನ್ನು ದಾಟಿ, ತಾಂಡೂರು, ವಿಕಾರಾಬಾದುಗಳ ಮೂಲಕ ಲಿಂಗಂಪಲ್ಲಿಗೆ ಬರುತ್ತದೆ. ಅಲ್ಲಿಂದ ಕೆಲವೇ ಮೈಲು ದೂರದಲ್ಲಿ ಪಟಾನ್‌ಚೆರು. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಲ್ಲಿದೆ. ಮಳೆಯನ್ನೇ ನಂಬಿದ ಸೀಮೆಗಳ ಬೆಳೆಗಳೇ ಅದರ ವಿಷಯ. ಕಲಬುರಗಿಯ ತೊಗರಿಗೂ ಈ ಕತ್ತರಿಗೂ ಭೇಟಿಯಾದದ್ದು ಇಂಥ ಪ್ರಯೋಗಶಾಲೆಗಳಲ್ಲಿ.

83 ಕೋಟಿ ಅಕ್ಷರಗಳ ಗ್ರಂಥವನ್ನು ಒಂದೇ ಸಲಕ್ಕೆ ಓದುವ ಯಂತ್ರವಿರಲಿಲ್ಲ; ತುಂಡು ಮಾಡಿ ಓದಿ ಮತ್ತೆ ಹೊಲಿಯಬೇಕು. ಆರಕ್ಷರದ ಗುರುತು ಲೆಕ್ಕದ ಪ್ರಕಾರ ಸರಾಸರಿ 4,096 ಅಕ್ಷರಗಳಿಗೊಮ್ಮೆ ಬಂದೀತು. ತೊಗರಿಯಲ್ಲಿ ಹೆಚ್ಚುಕಡಮೆ ಎರಡು ಲಕ್ಷ ಕಡೆ. ಎಲ್ಲ ಕಡೆಯೂ ಕೊಯ್ದರೆ ಚಿಂದಿಯಾಗುತ್ತದೆ. ಆದುದರಿಂದ ಕಿಣ್ವವನ್ನು ಮಿತವಾಗಿ ಕೊಟ್ಟು, ಸ್ವಲ್ಪ ಹೊತ್ತಿಗೇ ನಿಲ್ಲಿಸಿ, ಲಕ್ಷದ ಆಸುಪಾಸಿನ ಉದ್ದನೆಯ ತುಂಡುಗಳು ಉಳಿಯುವಂತೆ ಮಾಡುವುದು ರೂಢಿ. ಹೀಗೆ ಹಿಂಡ್-3ರಿಂದ ಒಂದು, ಬ್ಯಾಮ್-ಎಚ್-1ರಿಂದ ಇನ್ನೊಂದು ಎಂದು ತೊಗರಿಯ ತುಂಡುಗಳ ಎರಡು ಭಂಡಾರಗಳನ್ನು ಕಟ್ಟಿದರು. ಒಂದೊಂದರಲ್ಲಿಯೂ 34,560 ಕಟ್ಟುಗಳು. ಅವುಗಳ ತುದಿಗಳನ್ನಷ್ಟೇ ಓದಿ 88,860 ಬರಹಗಳನ್ನು ಪಡೆದರು. ಪಂಚಾಂಗದ ಹರಿದ ಹಾಳೆಗಳನ್ನು ಜೋಡಿಸುವವನಿಗೆ ಪುಟದ ಅಂಚೇ ದಾರಿ ತೋರಿದಂತೆ, ಹೊಲಿಗೆಗೆ ಈ ತುದಿಗಳು ನೆರವಾದವು. 2011ರ ಕೊನೆಯಲ್ಲಿ ರಾಜೀವ್ ವಾರ್ಷ್ಣೇಯ ಅವರ ನೇತೃತ್ವದ ತಂಡವು ‘ಆಶಾ’ ತಳಿಯ ತೊಗರಿಯ ಬರಹವನ್ನು ಪ್ರಕಟಿಸಿತು: ನೂರಕ್ಕೆ ಎಪ್ಪತ್ತೆರಡಕ್ಕೂ ಮಿಕ್ಕ ಭಾಗ, ಅದರಲ್ಲಿ ಗುರುತಿಸಿದ ವಂಶವಾಹಿಗಳು 48,680. ನಾಗೇಂದ್ರ ಕುಮಾರ್ ಸಿಂಗ್ ಅವರ ನೇತೃತ್ವದ ಭಾರತೀಯ ತಂಡವೂ ಅದೇ ಕಾಲಕ್ಕೆ ಅದೇ ತಳಿಯನ್ನು ಬೇರೆಯಾಗಿ ಓದಿತು. ‘ಆಶಾ’ವನ್ನೇ ಆರಿಸಿದ್ದು ಸೂಕ್ತವಾಗಿತ್ತು, ನೆಟೆರೋಗಕ್ಕೂ ಗೊಡ್ಡು ರೋಗಕ್ಕೂ ಬಗ್ಗದ ತಳಿ ಅದು.

ಗ್ರಂಥ ಸಿಕ್ಕಿತು; ಬಾಡದೆ ನಿಂತ ಆ ಹಸುರು ಗಿಡದ ಗುಟ್ಟು ಯಾವ ಪುಟದಲ್ಲಿ? ಇದಕ್ಕಾಗಿ ರೋಗಕ್ಕೆ ಬಗ್ಗದ ತಳಿಗಳನ್ನೂ ಬಗ್ಗುವ ತಳಿಗಳನ್ನೂ ಕೂಡಿಸಿ, ಮೂರು ಗುಂಪಿನ ಸಂತಾನವನ್ನು ಬೆಳೆಸಿದರು. ಪ್ರತಿ ಗಿಡದ ಇಡೀ ಗ್ರಂಥವನ್ನು ಓದುವಷ್ಟು ಹಣವೂ ಹೊತ್ತೂ ಯಾರಿಗಿದೆ? ಇಲ್ಲಿ ಬಂದದ್ದು ಎಪಿಕೆ-1 ಎಂಬ ಕತ್ತರಿ. ಜಪಾನಿನ ಕೊಡಕರ ದ್ವೀಪದ ಬಳಿ, ಸಮುದ್ರತಳದ ಕುದಿನೀರಿನ ಬುಗ್ಗೆಯಲ್ಲಿ ದೊರೆತ ಸೂಕ್ಷ್ಮಜೀವಿಯೊಂದು ಅದರ ಮೂಲ. ಉಳಿದ ಕತ್ತರಿಗಳು ಸಾಮಾನ್ಯವಾಗಿ ಮೈಬಿಸಿಯಷ್ಟು ಶಾಖದಲ್ಲಿ ಕೆಲಸ ಮಾಡಿದರೆ ಇದಕ್ಕೆ 75 ಡಿಗ್ರಿ ಬೇಕು. ಇದು ಓದುವುದು ಐದಕ್ಷರ: ಜಿ, ಸಿ, ನಡುವೆ ಎ ಅಥವಾ ಟಿ, ಮತ್ತೆ ಜಿ, ಸಿ. ತೊಗರಿಯ ಗ್ರಂಥದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೇಳಿದ್ದನ್ನೇ ಹೇಳುವ ಪುನರುಕ್ತಿ. ಅಂಥ ಕಡೆ ಮೀಥೈಲಿನ ಬೊಟ್ಟುಗಳೂ ಹೆಚ್ಚು. ಬೊಟ್ಟು ಕಂಡಲ್ಲಿ ಎಪಿಕೆ-1 ಬಹುಮಟ್ಟಿಗೆ ಹಿಂಜರಿಯುವುದರಿಂದ ಪುನರುಕ್ತಿಯ ಪುಟಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಮುಖ್ಯವಾದ ಮಾತು ಇನ್ನೊಂದಿದೆ. ನೂರಾರು ಗಿಡಗಳ ಡಿ.ಎನ್.ಎ.ಯಲ್ಲಿಯೂ ಅದು ಅದೇ ಅದೇ ತಾಣಗಳಲ್ಲಿ ಕೊಯ್ಯುತ್ತದೆ. ಆ ಅಂಚಿನ ಒಂದಿಷ್ಟು ಅಕ್ಷರಗಳನ್ನು ಮಾತ್ರ ಓದಿದರೆ ಸಾಕು. ಒಂದೇ ಗ್ರಂಥದ ನೂರಾರು ಪ್ರತಿಗಳನ್ನು ಒಂದೇ ಪುಟಗಳಿಗೆ ತೆರೆದು ಪಕ್ಕಪಕ್ಕದಲ್ಲಿಟ್ಟಂತಾಯಿತು. ಕತ್ತರಿ ಕಂಡಲ್ಲಿ ಕೊಯ್ಯುವಂಥದಾಗಿದ್ದರೆ ಒಬ್ಬರ ಕೈಯಲ್ಲಿ ಆದಿಪರ್ವ, ಇನ್ನೊಬ್ಬರ ಕೈಯಲ್ಲಿ ಸಭಾಪರ್ವ, ಹೋಲಿಸುವುದೇನನ್ನು?

ಇತ್ತ ಆ ಗುಂಪುಗಳ ಗಿಡಗಳನ್ನು ಹಲವು ವರ್ಷ, ಹಲವು ತಾಣಗಳಲ್ಲಿ ಬೆಳೆಸಿ ರೋಗಕ್ಕೆ ಒಡ್ಡಿದರು. ಬಾಡಿದವು, ಬಾಡದವು ಎಂದು ಪಟ್ಟಿ. ಎರಡೂ ಪಟ್ಟಿಗಳನ್ನು ಹೊಂದಿಸಿ ನೋಡಿದಾಗ ನೆಟೆರೋಗದ ತಡೆಗೆ ಸಂಬಂಧಿಸಿದ 14 ತಾಣಗಳು ಸಿಕ್ಕಿದವು. ಅವುಗಳಲ್ಲಿ ಆರು ಪ್ರಬಲವಾದವು. ಎಲ್ಲಕ್ಕಿಂತ ಮುಖ್ಯವೆಂದು ಕಂಡ ಮೂರು ಹನ್ನೊಂದನೆಯ ವರ್ಣತಂತುವಿನ ನಕ್ಷೆಯಲ್ಲಿಯೇ ಇವೆ. 2017ರಲ್ಲಿ ಇದು ಪ್ರಕಟವಾಯಿತು. ಹಸುರಾಗಿ ನಿಂತ ಗಿಡದ ಗುಟ್ಟು ಒಂದೇ ಪದದಲ್ಲಿಲ್ಲ, ಹಲವು ಪುಟಗಳಲ್ಲಿ ಹಂಚಿಹೋಗಿದೆಯೆಂಬುದು ಇದರಿಂದ ಸ್ಪಷ್ಟ. ಹಿಂದಿನವರು ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ತರಲು ಹೊರಟಾಗ ಅರ್ಧ ಗುಣ ದಾರಿಯಲ್ಲಿಯೇ ಸೋರಿಹೋಗುತ್ತಿದ್ದುದಕ್ಕೆ ಕಾರಣವೂ ಇದೇ ಇರಬೇಕು.

ಇಂಥ ಗುರುತುಗಳು ಕೈಗೆ ಬಂದ ಮೇಲೆ ತಳಿ ಬೆಳೆಸುವವರ ಕೆಲಸದ ಕ್ರಮ ಬದಲಾಗುತ್ತದೆ. ಎರಡು ವಾರದ ಸಸಿಯಿಂದ ಒಂದು ಎಲೆಯ ಚೂರನ್ನು ಕಿತ್ತು ಅದರ ಡಿ.ಎನ್.ಎ. ನೋಡಿದರೆ, ಹನ್ನೊಂದನೆಯ ವರ್ಣತಂತುವಿನ ಬೇಕಾದ ಭಾಗ ಅದಕ್ಕೆ ಬಂದಿದೆಯೇ ಇಲ್ಲವೇ ಎಂದು ತಿಳಿಯುತ್ತದೆ. ಬಂದಿಲ್ಲದ ಸಸಿಗಳನ್ನು ಆಗಲೇ ಕಿತ್ತೆಸೆದು, ಉಳಿದವನ್ನಷ್ಟೇ ರೋಗದ ತಾಕಿಗೆ ಕಳುಹಿಸಬಹುದು. ರೋಗದ ತಾಕನ್ನು ಮಾತ್ರ ಬಿಡುವಂತಿಲ್ಲ. ಶಿಲೀಂಧ್ರಕ್ಕೂ ತನ್ನದೇ ಡಿ.ಎನ್.ಎ. ಇದೆ, ಅದೂ ಊರಿಂದೂರಿಗೆ ರೂಪ ಬದಲಿಸುತ್ತದೆ. ಒಂದು ಸೀಮೆಯಲ್ಲಿ ಗೆದ್ದ ತಳಿ ಇನ್ನೊಂದರಲ್ಲಿ ಸೋತಿರುವುದುಂಟು. ಹೀಗಾಗಿ ಸೇಡಂ, ಚಿಂಚೋಳಿಗಳ ರೈತನು ಇಂದಿಗೂ ತೊಗರಿಯ ಸಾಲುಗಳ ನಡುವೆ ಜೋಳ ಬಿತ್ತುತ್ತಾನೆ, ಒಂದೇ ಹೊಲಕ್ಕೆ ವರ್ಷ ವರ್ಷವೂ ತೊಗರಿ ಹಾಕದೆ ಬೆಳೆ ಬದಲಿಸುತ್ತಾನೆ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸುತ್ತಾನೆ. ಹೂ ಬಿಟ್ಟ ತಿಂಗಳಲ್ಲಿ ಬೆಳಗಾಗುತ್ತಲೇ ಹೊಲದ ಬದುವಿನ ಮೇಲೆ ನಿಂತು, ರಾತ್ರಿ ಕಳೆಯುವಷ್ಟರಲ್ಲಿ ಯಾವ ಗಿಡ ತಲೆಬಾಗಿತೆಂದು ಕಣ್ಣಾಡಿಸುವುದೂ ತಪ್ಪಿಲ್ಲ.